ಮೊಳಕೆ ಬಂದ ಗೆಣಸು ಬಿಸಾಡಬೇಡಿ, ಅದೇ ಬೀಜ

ಸಂಕ್ರಾಂತಿಗೆ ತಂದಿದ್ದ ಸಿಹಿಗೆಣಸು ಅಡುಗೆಮನೆ ಮೂಲೆಯಲ್ಲೇ ಮೊಳಕೆ ಬಿಟ್ಟಿತ್ತು. ಬಿಸಾಡೋಕೆ ಹೋದೆ, ಅಮ್ಮ ತಡೆದರು. ಹಸಿ ಮರಳಲ್ಲಿ ಅರ್ಧ ಹೂತಿಟ್ಟೆ. ಕುಡಿಗಳು ಗೇಣುದ್ದ ಬೆಳೆದ ಮೇಲೆ ಮುರಿದು ನೀರಲ್ಲಿಟ್ಟೆ. ವಾರದೊಳಗೆ ಬೇರು ಬಂತು. ಆಲೂಗಡ್ಡೆಯ ಹಾಗೆ ಗೆಡ್ಡೆ ಕತ್ತರಿಸಿ ನೆಡಬೇಕಿಲ್ಲ, ನೆಡೋದು ಈ ಕುಡಿಯನ್ನೇ. ಹಳೇ ಚೀಲ, ಸಡಿಲ ಮಣ್ಣು, ಒಳ್ಳೆ ಬಿಸಿಲು ಸಾಕು. ಗೊಬ್ಬರ ಜಾಸ್ತಿಯಾದ್ರೆ ಬರೀ ಎಲೆ (ನಂದು ಹಾಗೇ ಆಯ್ತು, ಪಲ್ಯ ಮಾಡಿ ತಿಂದ್ವಿ). ಸುಮಾರು 120 ದಿನಕ್ಕೆ ಗೆಡ್ಡೆ.

ಹೈಬ್ರಿಡ್ ಟೊಮೆಟೊ ಬೆಳೆಯೋ ರೈತರು ಪ್ರತಿ ಬೆಳೆಗೂ ಬೀಜ ಕೊಳ್ಳಬೇಕು. ಉಳಿಸಿ ಬಿತ್ತಿದರೆ ಅದೇ ಗುಣ ಬರಲ್ಲ. ಗೆಣಸಿನ ಬಳ್ಳಿ ತಾಯಿಯ ತದ್ರೂಪು. ಬೀಜ ಉಳಿಸುವ, ಹಂಚುವ ಹಕ್ಕನ್ನು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001 ರೈತರಿಗೆ ಕೊಟ್ಟಿದೆ. ಆದರೆ ಉಳಿಸಿದರೂ ಅದೇ ಗುಣ ಕೊಡದ ಬೀಜವೇ ಮಾರುಕಟ್ಟೆ ತುಂಬಿದ್ದರೆ ಆ ಹಕ್ಕು ಯಾವ ಲೆಕ್ಕಕ್ಕೆ? ನನ್ನ ಬಳ್ಳಿಯ ನಾಲ್ಕು ತುಂಡು ಈಗ ಪಕ್ಕದ ಮನೆ ಟೆರೇಸಲ್ಲಿವೆ.