ಪರವಾನಗಿಯಿಲ್ಲದ ಬಾನುಲಿಯೂ ಕೇಳುಗನ ಧ್ವನಿಸುರುಳಿಯೂ

ಇತಿಹಾಸದ ಅಭ್ಯಾಸಿಗೆ ಶಾಸನವು ಕಲ್ಲಿನಲ್ಲಿ ದೊರೆಯುತ್ತದೆ. ಫರ್ಮಾನು ಕಾಗದದಲ್ಲಿ ದೊರೆಯುತ್ತದೆ. ಗಾಳಿಯಲ್ಲಿ ಆಡಿಹೋದ ಮಾತನ್ನು ಅವನು ಎಲ್ಲಿ ಅರಸಬೇಕು? ಸರಕಾರದ ಬಾನುಲಿ ನಿಲಯಕ್ಕೆ ತನ್ನದೇ ಆದ ದಫ್ತರವಿರುತ್ತದೆ; ಕಾರ್ಯಕ್ರಮಗಳ ಪಟ್ಟಿ, ಧ್ವನಿಮುದ್ರಿಕೆ, ಪತ್ರವ್ಯವಹಾರಗಳು ಅಲ್ಲಿ ಸಂಗ್ರಹವಾಗುತ್ತವೆ. ಪರವಾನಗಿಯಿಲ್ಲದೆ ನಡೆದ ನಿಲಯದ ಸ್ಥಿತಿ ಬೇರೆ. ಅದು ಇಟ್ಟುಕೊಂಡ ಪ್ರತಿಯೊಂದು ದಾಖಲೆಯೂ ನ್ಯಾಯಾಲಯದಲ್ಲಿ ಅದಕ್ಕೇ ಎದುರಾಗಬಲ್ಲ ಸಾಕ್ಷಿ. ಆದಕಾರಣ ಇಂಥ ನಿಲಯದ ಚರಿತ್ರೆಯನ್ನು ಉಳಿಸಿದವರು ಬಹುಮಟ್ಟಿಗೆ ಮಾತಾಡಿದವರಲ್ಲ. ಒಂದೋ ಅದನ್ನು ಪ್ರೀತಿಯಿಂದ ಕೇಳಿದವರು, ಇಲ್ಲವೆ ಅದನ್ನು ಬೆನ್ನಟ್ಟಿದವರು. ಈ ಮಾತನ್ನು ಐರ್ಲೆಂಡಿನ ಉದಾಹರಣೆಯಿಂದ ವಿವರಿಸಿ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಭ್ಯಾಸಿಗಳಿಗೆ ಅದರಿಂದ ಏನು ಪಾಠವೆಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐರ್ಲೆಂಡಿನಲ್ಲಿ ಬಾನುಲಿ ಪ್ರಸಾರವು 1926ರ ನಿಸ್ತಂತು ಕಾಯಿದೆಗೆ ಒಳಪಟ್ಟಿತ್ತು. ಪ್ರಸಾರದ ಅಧಿಕಾರವು ಸರಕಾರದ ಸಂಸ್ಥೆಗೆ ಮೀಸಲಾಗಿತ್ತಾದರೂ, ಉಲ್ಲಂಘಿಸಿದವರಿಗೆ ವಿಧಿಸುತ್ತಿದ್ದ ದಂಡ ಅಲ್ಪವಾಗಿತ್ತು. ಈ ಸಡಿಲಿನಲ್ಲಿ 1970ರ ದಶಕದ ಕೊನೆಯಿಂದ ಊರೂರಿಗೂ ಅನಧಿಕೃತ ನಿಲಯಗಳು ಹುಟ್ಟಿಕೊಂಡವು. ಜನರು ಇವನ್ನು 'ಕಡಲುಗಳ್ಳ' ನಿಲಯಗಳೆಂದು ಕರೆದರು. ಡಬ್ಲಿನ್ ನಗರದಲ್ಲಿ 1980ರಲ್ಲಿ ಸನ್‌ಶೈನ್ ರೇಡಿಯೊ, 1981ರಲ್ಲಿ ರೇಡಿಯೊ ನೋವಾ ಆರಂಭವಾದವು. ಇವು ಮುಚ್ಚುಮರೆಯ ಅಟ್ಟದ ಕೋಣೆಗಳಲ್ಲ. ಜಾಹೀರಾತು, ಸಂಬಳದ ನೌಕರರು, ಬಲವಾದ ಪ್ರೇಷಕ ಯಂತ್ರಗಳುಳ್ಳ ಉದ್ಯಮಗಳು. 1983ರ ಮೇ ತಿಂಗಳಿನಲ್ಲಿ ಸರಕಾರವು ಈ ಎರಡರ ಮೇಲೂ ದಾಳಿ ನಡೆಸಿ ಯಂತ್ರಗಳನ್ನು ವಶಪಡಿಸಿಕೊಂಡಿತು. ಸ್ವಲ್ಪ ಕಾಲದಲ್ಲಿಯೇ ಪ್ರಸಾರ ಮತ್ತೆ ಮೊದಲಾಯಿತು. ಕೊನೆಗೆ 1988ರ ಕಠಿಣವಾದ ಹೊಸ ಕಾಯಿದೆಯ ಮುಂದೆ ಬಹುತೇಕ ನಿಲಯಗಳು ಆ ವರ್ಷದ ಡಿಸೆಂಬರ್ ಅಂತ್ಯಕ್ಕೆ ಮೌನವಾದವು. 1989ರಿಂದ ಪರವಾನಗಿ ಪಡೆದ ಖಾಸಗಿ ನಿಲಯಗಳು ಬಂದವು.

ಹಾಡು ಜಾಹೀರಾತುಗಳಷ್ಟೇ ಇದರ ಕಥೆಯಲ್ಲ. ಪಶ್ಚಿಮದ ಕರಾವಳಿಯ ಕಾನೆಮಾರ ಸೀಮೆಯಲ್ಲಿ ಐರಿಷ್ ಭಾಷೆಯನ್ನು ಮನೆಮಾತಾಗಿ ಉಳಿಸಿಕೊಂಡ ಬಡ ಜನರಿದ್ದರು. ತಮ್ಮ ನುಡಿಗೆ ಸರಕಾರದ ಬಾನುಲಿಯಲ್ಲಿ ತಕ್ಕ ಸ್ಥಾನವಿಲ್ಲವೆಂದು ನೊಂದ ಅಲ್ಲಿನ ಹಕ್ಕುಗಳ ಚಳವಳಿಯವರು 1970ರ ಈಸ್ಟರ್ ಹಬ್ಬದ ಕಾಲದಲ್ಲಿ 'ಸ್ವತಂತ್ರ ಕಾನೆಮಾರ ಬಾನುಲಿ' ಎಂಬರ್ಥದ ಹೆಸರಿನಿಂದ ಅನುಮತಿಯಿಲ್ಲದೆ ಪ್ರಸಾರ ಮಾಡಿದರು. ಕೆಲವೇ ದಿನಗಳ ಪ್ರಯೋಗವಾದರೂ ಅದರ ಫಲ ದೊಡ್ಡದು; 1972ರಲ್ಲಿ ಸರಕಾರವೇ ಐರಿಷ್ ಭಾಷಿಕರಿಗಾಗಿ ಪ್ರತ್ಯೇಕ ನಿಲಯವನ್ನು ಸ್ಥಾಪಿಸಿತು. ಉರ್ದುವು ಆಡಳಿತದ ಮತ್ತು ಉಚ್ಚ ಶಿಕ್ಷಣದ ಭಾಷೆಯಾಗಿದ್ದ ಹೈದರಾಬಾದು ಸಂಸ್ಥಾನದಲ್ಲಿ ಕನ್ನಡವನ್ನು ಮನೆಯಲ್ಲಿ, ಮಠದಲ್ಲಿ ಉಳಿಸಿಕೊಂಡು ಬಂದ ನಮ್ಮ ಸೀಮೆಯವರಿಗೆ ಈ ಪ್ರಸಂಗದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಧ್ವನಿಮುದ್ರಿಕೆಗಳ ವಿಚಾರ. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟು ಸಾಮಾನ್ಯನ ಕೈಗೆ ಮುದ್ರಣದ ಶಕ್ತಿಯನ್ನು ಕೊಟ್ಟಿತು. ರೇಡಿಯೊ ಮತ್ತು ಟೇಪುಗಳು ಒಂದೇ ಪೆಟ್ಟಿಗೆಯಲ್ಲಿ ಸೇರಿದ ಮೇಲೆ ಗುಂಡಿಯೊತ್ತಿದರೆ ಸಾಕಾಯಿತು. ಐರ್ಲೆಂಡಿನ ಕೇಳುಗರು ಹೀಗೆ ಮುದ್ರಿಸಿ ಪೆಟ್ಟಿಗೆಗಳಲ್ಲಿ ಇಟ್ಟಿದ್ದ ಸುರುಳಿಗಳೇ ಇಂದು ಆ ಕಾಲದ ಮುಖ್ಯ ಆಕರಗಳು. ಡಬ್ಲಿನ್ ಸಿಟಿ ವಿಶ್ವವಿದ್ಯಾನಿಲಯದ ಗ್ರಂಥಾಲಯವು ಈ ವಿಷಯಕ್ಕೆ ಸಂಬಂಧಿಸಿದ ಸಂಗ್ರಹವನ್ನು ಕಾಪಾಡಿದೆ. ಆಸಕ್ತರು ಹಳೆಯ ಸುರುಳಿಗಳನ್ನು ಗಣಕಯಂತ್ರದ ಕಡತಗಳಾಗಿ ಪರಿವರ್ತಿಸುತ್ತಿದ್ದಾರೆ.

ಇಂಥ ಸುರುಳಿಯ ಮೇಲೆ ದಿನಾಂಕವಿಲ್ಲದಿದ್ದರೆ ಕಾಲನಿರ್ಣಯ ಹೇಗೆ? ಕಾಲೋಲ್ಲೇಖವಿಲ್ಲದ ಶಾಸನಕ್ಕೆ ಅನ್ವಯಿಸುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ. ಒಳಗಿನ ಸಾಕ್ಷ್ಯವನ್ನು ನೋಡಬೇಕು. ಪ್ರಸಾರವಾದ ಹಾಡಿನ ಬಿಡುಗಡೆಯ ವರ್ಷವು ಮೇಲಿನ ಎಲ್ಲೆಯನ್ನು ತಿಳಿಸುತ್ತದೆ. ಸುರುಳಿಯು ಅದಕ್ಕಿಂತ ಹಿಂದಿನದಾಗಿರಲಾರದು. ವಾರ್ತೆ, ಹವಾಮಾನ, ಪಂದ್ಯದ ಫಲಿತಾಂಶಗಳು ಕಾಲವನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಜಾಹೀರಾತಿನ ಅಂಗಡಿಯ ಹೆಸರು, ಬೆಲೆ, ನಿಲಯವು ಹೇಳಿಕೊಳ್ಳುವ ತರಂಗಾಂತರ, ಇವೆಲ್ಲವೂ ಉಪಯುಕ್ತ.

ಆದರೆ ಎಚ್ಚರಿಕೆಯೂ ಬೇಕು. ಕೇಳುಗನು ತನಗೆ ಪ್ರಿಯವಾದುದನ್ನು ಮಾತ್ರ ಮುದ್ರಿಸುತ್ತಾನೆ. ನಿಲಯದ ಮೊದಲ ದಿನ, ಕೊನೆಯ ಗಂಟೆ, ಮೆಚ್ಚಿನ ಹಾಡು ಇವು ಉಳಿಯುತ್ತವೆ. ಸಾಧಾರಣ ಮಂಗಳವಾರದ ಮಧ್ಯಾಹ್ನ ಅಳಿಯುತ್ತದೆ. ಉಳಿದುದೇ ಸರ್ವಸ್ವವೆಂದು ನಂಬಿದ ಇತಿಹಾಸಕಾರನು ಹಬ್ಬವನ್ನೇ ನಿತ್ಯದ ಬಾಳೆಂದು ಬಗೆದಂತಾಗುತ್ತದೆ.

ಬೆನ್ನಟ್ಟಿದವರು ಉಳಿಸಿದ ಆಕರಕ್ಕೆ ನಮ್ಮ ದೇಶದಲ್ಲಿಯೇ ಉತ್ತಮ ನಿದರ್ಶನವಿದೆ. 1942ರ ಚಲೇಜಾವ್ ಚಳವಳಿಯಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಾಂಗ್ರೆಸ್ ರೇಡಿಯೊ ಎಂಬ ಗುಪ್ತ ನಿಲಯವನ್ನು 42.34 ಮೀಟರ್ ತರಂಗದಲ್ಲಿ ನಡೆಸಿದರು. ಜಾಗದಿಂದ ಜಾಗಕ್ಕೆ ಯಂತ್ರವನ್ನು ಸಾಗಿಸುತ್ತ ಬಂದ ಅವರು ಆ ವರ್ಷದ ನವೆಂಬರ್ 12ರಂದು ಸೆರೆಯಾದರು. ಅವರ ಪ್ರಸಾರಗಳ ಮಾತು ಇಂದು ನಮಗೆ ತಿಳಿಯುವುದು ಸರಕಾರದ ಕಡೆಯವರು ಕದ್ದಾಲಿಸಿ ಬರೆದಿಟ್ಟ ಪ್ರತಿಗಳಿಂದ. ಶಿಕ್ಷೆಗಾಗಿ ಬರೆದುದು ಚರಿತ್ರೆಗೆ ಉಪಕಾರವಾಯಿತು. ಆದರೂ ಅಲ್ಲಿ ಮಾತಿದೆ, ಧ್ವನಿಯಿಲ್ಲ. ಕಾಯಿದೆಯ ಕಿವಿಗೆ ಬೇಕಾದುದಿದೆ, ಕೇಳುಗನ ಎದೆಯ ಪ್ರತಿಕ್ರಿಯೆಯಿಲ್ಲ.

ಇನ್ನು ನಮ್ಮ ಮೂರು ತಾಲ್ಲೂಕುಗಳತ್ತ ತಿರುಗೋಣ. ಹೈದರಾಬಾದಿನ ಬಾನುಲಿ 1935ರಿಂದ ನಿಜಾಮ ಸರಕಾರದ ಧ್ವನಿಯಾಗಿತ್ತು. 1948ರ ಸೆಪ್ಟೆಂಬರ್ 17ರಂದು ಕದನವಿರಾಮದ ಘೋಷಣೆ ಹೊರಟುದೂ ಅದರಿಂದಲೇ. 1950ರಲ್ಲಿ ಧಾರವಾಡ ನಿಲಯ ಆರಂಭವಾಯಿತು. ಅದೇ ವರ್ಷ ಹೈದರಾಬಾದಿನ ನಿಲಯವು ಆಕಾಶವಾಣಿಗೆ ಸೇರಿತು. 1966ರಲ್ಲಿ ಕಲಬುರಗಿ ನಿಲಯ ಬಂದಿತು. ಅಂದರೆ ಈ ಸೀಮೆಯವರು ಮೂರು ದಶಕಗಳ ಕಾಲ ದೂರದ ಊರುಗಳ ಧ್ವನಿಯನ್ನೇ ಕೇಳಿದರು. ಕೇಳುವುದಕ್ಕೂ 1980ರ ದಶಕದವರೆಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪಡೆಯಬೇಕಾಗಿತ್ತು. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಸಾರಿದ ತರುವಾಯ, 2002ರಲ್ಲಿ ಶಿಕ್ಷಣಸಂಸ್ಥೆಗಳಿಗೂ 2006ರಲ್ಲಿ ಜನಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು.

ಹಾಗಾದರೆ ಇಲ್ಲಿಯ ಜನರ ಸ್ವಂತ ಧ್ವನಿ ಈ ನಡುವೆ ಎಲ್ಲಿತ್ತು? ಅದು ಮನೆಯ ಕ್ಯಾಸೆಟ್ಟಿನಲ್ಲಿತ್ತು ಎಂಬುದು ನಮ್ಮ ಅಭಿಪ್ರಾಯ. ಜೇವರ್ಗಿ ಸೀಮೆ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳ ನೆಲ. ಗಾಣಗಾಪುರದ ದತ್ತಕ್ಷೇತ್ರ ಅಫಜಲಪುರಕ್ಕೆ ಸೇರಿದ್ದು. ಲಾಡ್ಲೆ ಮಶಾಕರ ದರ್ಗಾ ಆಳಂದದ್ದು. ಭಜನೆ, ಮೊಹರಮ್ ಪದ, ಬಯಲಾಟ, ಅಜ್ಜ ಹೇಳಿದ ರಜಾಕಾರರ ಕಾಲದ ಮಾತು, ಇವನ್ನು ಯಾರ ಅಪ್ಪಣೆಯನ್ನೂ ಕೇಳದೆ ಮನೆಯವರೇ ಮುದ್ರಿಸಿಕೊಳ್ಳಬಹುದಾಗಿದ್ದ ಕಾಲವದು. ಯಾವ ಸರಕಾರಿ ದಫ್ತರವೂ ಅವನ್ನು ಕಾಯುವುದಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಹತ್ತಿರದಲ್ಲಿದ್ದಾರೆ. ಅವರ ಧ್ವನಿಯಿದ್ದ ಸುರುಳಿಯ ಮೇಲೆ ಚಲನಚಿತ್ರಗೀತೆಯನ್ನು ಮುದ್ರಿಸಿದರೆ ಆ ಸಾಕ್ಷ್ಯ ಮತ್ತೆ ಬಾರದು.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟುಗಳನ್ನು ಇಳಿಸಿ ನೋಡಿರಿ. ಮೊದಲು ಅವುಗಳ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಹಾಗೆ ಮಾಡಿದರೆ ಕೈತಪ್ಪಿನಿಂದ ಮೇಲುಮುದ್ರಣವಾಗದು. ಬೂಸು ಹಿಡಿದ ಸುರುಳಿಯನ್ನು ಆತುರದಿಂದ ಓಡಿಸಬೇಡಿರಿ. ಪ್ರತಿ ತೆಗೆದ ಮೇಲೂ ಮೂಲವನ್ನು ಎಸೆಯಬೇಡಿರಿ. ಯಾರ ಧ್ವನಿ, ಯಾವ ಊರು, ಯಾರು ಮುದ್ರಿಸಿದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿರಿ. ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡಿರಿ. ಐರ್ಲೆಂಡಿನ ಕೇಳುಗನಿಗೆ ತಾನು ಚರಿತ್ರೆಯನ್ನು ಕಾಯುತ್ತಿದ್ದೇನೆಂಬ ಅರಿವಿರಲಿಲ್ಲ. ಮೆಚ್ಚಿನ ಹಾಡನ್ನು ಹಿಡಿದಿಟ್ಟನಷ್ಟೆ. ನಮಗೆ ಆ ಅರಿವುಂಟು. ಆದ್ದರಿಂದ ನಮ್ಮ ಹೊಣೆಯೂ ಹೆಚ್ಚಿನದು.