ಎರಡು ಗುಡ್ಡ, ಒಂದು ಸೂರ್ಯ ಮತ್ತು ಮೊಳಕಾಲ್ಮುರಿನ ಮಗ್ಗ

ನಾಡಿನ ಯಾವುದೇ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳ ಕೈಗೆ ಹಾಳೆ ಕೊಟ್ಟು, ‘ನಿಮಗೆ ಇಷ್ಟವಾದ ಚಿತ್ರ ಬರೆಯಿರಿ’ ಎಂದರೆ ಬಹುಪಾಲು ಹಾಳೆಗಳ ಮೇಲೆ ಮೂಡುವುದು ಒಂದೇ ಚಿತ್ರ. ತ್ರಿಕೋನದಂತಹ ಎರಡು ಗುಡ್ಡಗಳು, ಅವುಗಳ ನಡುವಿನಿಂದ ಇಣುಕುವ ಸೂರ್ಯ, ಕೆಳಗೆ ಹರಿದು ಬರುವ ಹೊಳೆ, ದಡದಲ್ಲೊಂದು ಹೆಂಚಿನ ಮನೆ, ಅದರ ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಆಕಾಶದಲ್ಲಿ ನಾಲ್ಕಾರು ಹಕ್ಕಿಗಳು. ಮಲೆನಾಡಿನ ಅಥವಾ ಕರಾವಳಿಯ ಮಗು ಇದನ್ನು ಬರೆದರೆ ಕಂಡದ್ದನ್ನು ಬರೆಯಿತೆನ್ನಬಹುದು. ಆದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮಗುವೂ ಇದನ್ನೇ ಬರೆಯುತ್ತದೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ತುಂಬಿ ಹರಿಯುವ ಹೊಳೆಗಿಂತ ಹಳ್ಳದ ಮರಳನ್ನೇ ಹೆಚ್ಚಾಗಿ ಕಂಡಿರುವ ಮಗು ಕಾಣದ ಹೊಳೆಗೆ ನೀಲಿ ಬಣ್ಣ ತುಂಬುತ್ತದೆ.

ಇದನ್ನು ಮಗುವಿನ ಕಲ್ಪನಾಶಕ್ತಿ ಎಂದು ಮೆಚ್ಚುವುದು ಸುಲಭ. ವಾಸ್ತವದಲ್ಲಿ ಇದು ಕಲ್ಪನೆಯೂ ಅಲ್ಲ, ನೋಟವೂ ಅಲ್ಲ. ಕಪ್ಪು ಹಲಗೆಯಿಂದ ಹಾಳೆಗೆ, ಅಣ್ಣನ ಪುಸ್ತಕದಿಂದ ತಂಗಿಯ ಪುಸ್ತಕಕ್ಕೆ ದಾಟಿ ಬಂದ ಒಂದು ಪಡಿಯಚ್ಚು. ಇದರ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ಪಾಠವೂ ಅಡಗಿದೆ. ಚಿತ್ರಕ್ಕೆ ಯೋಗ್ಯವಾದ ಸ್ಥಳ ಬೇರೆಲ್ಲೋ ಇದೆ, ನಿನ್ನ ಊರು ಚಿತ್ರಕ್ಕೆ ಒದಗುವಂಥದ್ದಲ್ಲ ಎಂಬುದೇ ಆ ಪಾಠ.

ಹಾಗಾದರೆ ಈ ಊರುಗಳಲ್ಲಿ ಏನಿಲ್ಲ? ಮೊಳಕಾಲ್ಮುರು ಎಂದೊಡನೆ ನೆನಪಾಗುವುದು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿನ ರೇಷ್ಮೆ ಸೀರೆ. ಅದರ ಅಂಚು, ಸೆರಗು, ಬುಟ್ಟಾಗಳಲ್ಲಿ ಹೂವು, ಹಣ್ಣು, ಪ್ರಾಣಿ ಪಕ್ಷಿಗಳ ಒಂದು ಲೋಕವೇ ಇದೆ. ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕರಿಯ ಉಣ್ಣೆಯ ನಡುವೆ ಹಾಯುವ ಬಿಳಿಯ ಗೆರೆಯೇ ಅಲ್ಲಿನ ಅಲಂಕಾರ. ಸುತ್ತಲೂ ಶೇಂಗಾ ಹೊಲಗಳು, ಎಣ್ಣೆ ಗಿರಣಿಗಳು, ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳ ಬೆಟ್ಟಗಳು, ಕುರಿಮಂದೆಗಳು, ಕೃಷ್ಣಮೃಗಗಳು ಅಲೆಯುವ ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಕಣ್ಣಿಗೆ ಇಷ್ಟೊಂದು ಮೇವಿರುವ ನೆಲದ ಮಕ್ಕಳು ಎರಡು ಗುಡ್ಡಗಳ ನಡುವೆಯೇ ಸಿಲುಕಿಕೊಂಡಿರುವುದು ವಿಪರ್ಯಾಸ.

ಮಹಾನ್ ಕಲಾವಿದರೊಬ್ಬರನ್ನು ಮುಂದಿಟ್ಟುಕೊಂಡು ಎಳೆಯ ಮಕ್ಕಳಿಗೆ ಚಿತ್ರಕಲೆ ಕಲಿಸುವ ಕ್ರಮ ಜಗತ್ತಿನ ಅನೇಕ ಪ್ರಾಥಮಿಕ ಶಾಲೆಗಳಲ್ಲಿದೆ. ನಮ್ಮ ದೊಡ್ಡ ನಗರಗಳ ಕೆಲವು ಖಾಸಗಿ ಶಾಲೆಗಳಿಗೂ ಅದು ಬಂದಿದೆ. ಈ ಪಾಠಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುವ ಹೆಸರು ವಿನ್ಸೆಂಟ್ ವ್ಯಾನ್ ಗೋ. 1888ರಲ್ಲಿ ಆತ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಬರೆದ ಸೂರ್ಯಕಾಂತಿಗಳನ್ನೋ, 1889ರಲ್ಲಿ ಬರೆದ ನಕ್ಷತ್ರಗಳ ರಾತ್ರಿಯನ್ನೋ ಮಕ್ಕಳಿಗೆ ತೋರಿಸಿ, ಅದರಂತೆ ಬರೆಯಲು ಹೇಳುತ್ತಾರೆ. ಪಾಠ ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಮೂವತ್ತು ಸುಳಿಸುಳಿಯಾದ ನೀಲಿ ಆಕಾಶಗಳು ತೂಗುತ್ತಿರುತ್ತವೆ. ನೋಡಲು ಚೆಂದವೇ. ಆದರೆ ಎರಡು ಗುಡ್ಡಗಳ ಜಾಗದಲ್ಲಿ ಸುಳಿಯುವ ಆಕಾಶ ಬಂದಿತೆಂಬುದನ್ನು ಬಿಟ್ಟರೆ ಬದಲಾದದ್ದೇನು? ಒಂದು ಪಡಿಯಚ್ಚು ಹೋಗಿ ಇನ್ನೊಂದು, ತುಸು ದುಬಾರಿಯಾದ ಪಡಿಯಚ್ಚು ಬಂದಿದೆ, ಅಷ್ಟೆ.

ಅನುಕರಣೆಯೇ ತಪ್ಪೆಂದಲ್ಲ. ವ್ಯಾನ್ ಗೋ ಚಿತ್ರ ಕಲಿತದ್ದೂ ನಕಲು ಮಾಡಿಯೇ. ಆತ ಕಲಾವಿದನಾಗಲು ನಿಶ್ಚಯಿಸಿದ್ದು 1880ರಲ್ಲಿ, 27ನೆಯ ವಯಸ್ಸಿನಲ್ಲಿ. ಆಗ ಅಭ್ಯಾಸದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಗೆರೆ ತಿದ್ದಿದ. ತಾನು ಗೌರವಿಸುತ್ತಿದ್ದ ಮಿಲೆಯ ಚಿತ್ರಗಳನ್ನು ಕೊನೆಯ ವರ್ಷಗಳಲ್ಲಿಯೂ ಮತ್ತೆ ಮತ್ತೆ ಬರೆದ. ಆದರೆ ನಕಲಿನಿಂದ ಅವನು ಪಡೆದದ್ದು ಕೈಯ ಹದವನ್ನು. ನೋಡುವ ವಸ್ತುವನ್ನು ಮಾತ್ರ ತಾನಿದ್ದ ಊರಿನಿಂದಲೇ ಪಡೆದ. ಅವನಿಂದ ಶಾಲೆಗಳು ಕಲಿಯಬೇಕಾದದ್ದು ಇದನ್ನು. ಇದಕ್ಕೆ ಸೂರ್ಯಕಾಂತಿ, ನಕ್ಷತ್ರಗಳಿಗಿಂತ ಉತ್ತಮ ನಿದರ್ಶನ ಅವನ ಬದುಕಿನ ಇನ್ನೊಂದು ಕಾಲಘಟ್ಟದಲ್ಲಿದೆ. ಮೊಳಕಾಲ್ಮುರಿನ ಮಟ್ಟಿಗಂತೂ ಅದು ಹೇಳಿ ಮಾಡಿಸಿದಂತಿದೆ.

1883ರ ಡಿಸೆಂಬರ್‌ನಲ್ಲಿ ವ್ಯಾನ್ ಗೋ ನೆದರ್‌ಲ್ಯಾಂಡ್ಸ್‌ನ ನ್ಯೂನೆನ್ ಎಂಬ ಹಳ್ಳಿಗೆ ಬಂದ. ಅವನ ತಂದೆ ಅಲ್ಲಿ ಪಾದ್ರಿಯಾಗಿದ್ದರು. ಅದು ನೇಕಾರರು ಹೆಚ್ಚಾಗಿದ್ದ ಊರು. 1884ರಲ್ಲಿ ತಿಂಗಳುಗಟ್ಟಲೆ ಆತ ನೇಕಾರರ ಗುಡಿಸಲುಗಳಿಗೆ ಎಡತಾಕಿ, ಮಗ್ಗದ ಮುಂದೆ ಕುಳಿತು ಚಿತ್ರ ಬರೆದ. ಪೆನ್ಸಿಲ್, ಶಾಯಿ, ಜಲವರ್ಣ, ತೈಲವರ್ಣಗಳಲ್ಲಿ ಮೂಡಿದ ಆ ನೇಕಾರರ ಚಿತ್ರಮಾಲೆ ಇಂದು ಕಲಾ ಇತಿಹಾಸದ ಭಾಗ. ತಮ್ಮನಿಗೆ ಬರೆದ ಪತ್ರಗಳಲ್ಲಿ ಅವನು ತನ್ನ ಕಷ್ಟವನ್ನೂ ಹೇಳಿಕೊಂಡಿದ್ದಾನೆ. ಕೋಣೆಗಳು ಇಕ್ಕಟ್ಟಾದುದರಿಂದ ಮಗ್ಗಕ್ಕೆ ತೀರಾ ಹತ್ತಿರ ಕೂರಬೇಕಾಗುತ್ತಿತ್ತು. ಹಾಗೆ ಕುಳಿತರೆ ಇಡೀ ಮಗ್ಗ ಕಣ್ಣಳತೆಗೆ ಸಿಗುತ್ತಿರಲಿಲ್ಲ. ಗಂಡ ನೇಯುವಾಗ ಹೆಂಡತಿ ನೂಲು ಸುತ್ತಿಕೊಡುತ್ತಲೇ ಇರಬೇಕು, ಇಬ್ಬರು ದುಡಿದರೂ ಗಳಿಕೆ ಅಷ್ಟಕ್ಕಷ್ಟೆ ಎಂಬುದನ್ನೂ ಅವನು ದಾಖಲಿಸಿದ್ದಾನೆ. ಅವನು ಕಂಡ ಒಂದು ಹಳೆಯ ಓಕ್ ಮಗ್ಗದ ಮೇಲೆ 1730 ಎಂಬ ಇಸವಿ ಕೆತ್ತಲಾಗಿತ್ತು. ಅದರ ಪಕ್ಕದ ಪುಟ್ಟ ಕುರ್ಚಿಯಲ್ಲಿ ಹಸುಗೂಸೊಂದು ಕುಳಿತು, ಅತ್ತಿಂದಿತ್ತ ಓಡುವ ಲಾಳಿಯನ್ನೇ ಗಂಟೆಗಟ್ಟಲೆ ನೋಡುತ್ತಿತ್ತು. ಅವನು ಆ ಮಗುವನ್ನೂ ಚಿತ್ರದೊಳಗೆ ತಂದ.

ಲಾಳಿಯನ್ನು ನೋಡುತ್ತ ಬೆಳೆಯುವ ಮಗು ಮೊಳಕಾಲ್ಮುರಿಗೆ ಅಪರಿಚಿತವಲ್ಲ. ಅಲ್ಲಿನ ನೇಕಾರ ಮನೆಗಳಲ್ಲಿ ಅಂತಹ ಮಕ್ಕಳು ಈಗಲೂ ಇದ್ದಾರೆ. ಆದರೆ ಮಗ್ಗ ಚಿತ್ರದ ವಸ್ತುವಾಗಬಲ್ಲದು ಎಂದು ಅವರಿಗೆ ಹೇಳಿದವರು ವಿರಳ.

ಇಂತಹ ಪಾಠವೊಂದು ಅಲ್ಲಿನ ಶಾಲೆಯ ನಾಲ್ಕನೆಯ ಅಥವಾ ಐದನೆಯ ತರಗತಿಯಲ್ಲಿ ನಡೆಯಿತೆಂದು ಭಾವಿಸೋಣ. ಬೇಕಾಗುವ ಸಾಮಗ್ರಿ ಅತ್ಯಲ್ಪ. ವ್ಯಾನ್ ಗೋನ ಚಿತ್ರಗಳಿಗೆ ಕೃತಿಸ್ವಾಮ್ಯದ ತೊಡಕಿಲ್ಲ. ನೇಕಾರರ ಚಿತ್ರಗಳಲ್ಲಿ ಹಲವು ಕಪ್ಪು ಬಿಳುಪಿನವೇ ಆದ್ದರಿಂದ ಸಾಧಾರಣ ಮುದ್ರಿತ ಪ್ರತಿಯೇ ಸಾಕು. ಮೊದಲ ದಿನ ಶಿಕ್ಷಕರು ಚಿತ್ರ ತೋರಿಸಿ ಪ್ರಶ್ನೆ ಕೇಳಲಿ, ಉತ್ತರ ಹೇಳಿಕೊಡುವುದು ಬೇಡ. ಬೆಳಕು ಎಲ್ಲಿಂದ ಬರುತ್ತಿದೆ? ನೇಕಾರನ ಕಾಲುಗಳು ಎಲ್ಲಿವೆ? ಈ ಮಗ್ಗಕ್ಕೂ ನಿಮ್ಮ ಬೀದಿಯ ಮಗ್ಗಕ್ಕೂ ಏನು ವ್ಯತ್ಯಾಸ? ಕೊನೆಯ ಪ್ರಶ್ನೆಗೆ ಶಿಕ್ಷಕರಿಗಿಂತ ಮಕ್ಕಳಿಗೇ ಹೆಚ್ಚು ಗೊತ್ತಿರುತ್ತದೆ. ಆ ಕ್ಷಣದಲ್ಲಿ ತರಗತಿಯ ಸ್ವರೂಪವೇ ಬದಲಾಗುತ್ತದೆ. ಸದಾ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂರುವ ನೇಕಾರರ ಹುಡುಗಿ ಅಂದು ತಜ್ಞೆಯಾಗುತ್ತಾಳೆ.

ಎರಡನೆಯ ದಿನದ ಮನೆಗೆಲಸ ಮಗ್ಗದ ಮುಂದೆ ಹತ್ತು ನಿಮಿಷ ಸುಮ್ಮನೆ ಕುಳಿತು ನೋಡುವುದು. ಕೈಯಲ್ಲಿ ಪೆನ್ಸಿಲ್ ಬೇಡ. ಮೂರನೆಯ ದಿನ ಬರೆಯುವುದು. ಮಗ್ಗ ಹಾಳೆಯಲ್ಲಿ ಹಿಡಿಸದು, ಗೆರೆ ಸೊಟ್ಟಗಾಗುತ್ತದೆ, ಮಕ್ಕಳು ಅಳಿಸುವ ರಬ್ಬರ್ ಕೇಳುತ್ತಾರೆ. ಆ ದೊಡ್ಡ ಕಲಾವಿದನಿಗೂ ಇದೇ ತೊಂದರೆಯಾಗಿತ್ತು ಎಂದು ಹೇಳಬೇಕಾದ ಸಮಯ ಅದು. ನಾಲ್ಕನೆಯ ದಿನ ಚಿತ್ರದ ಭಾಗಗಳಿಗೆ ಹೆಸರು ಬರೆಯುವುದು: ಹಾಸು, ಹೊಕ್ಕು, ಲಾಳಿ, ಅಂಚು. ಗಡಿನಾಡಾದ ಇಲ್ಲಿ ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳು ಸಾಕಷ್ಟಿದ್ದಾರೆ. ಕನ್ನಡದ ಪದದ ಪಕ್ಕದಲ್ಲಿ ಮನೆಯ ಪದವನ್ನೂ ಬರೆದರೆ ಭಾಷಾಪಾಠವೂ ಆಯಿತು. ಚೌಕುಳಿ ಹಾಳೆಯ ಮೇಲೆ ಒಂದು ಬುಟ್ಟಾ ಬಿಡಿಸಿ ಚೌಕಗಳನ್ನು ಎಣಿಸಿದರೆ ಗಣಿತವೂ ಆಯಿತು. ಮಗ್ಗದ ಜಕಾರ್ಡ್ ಪಟ್ಟಿಗಳಿಗೆ ರಂಧ್ರ ಹೊಡೆಯುವ ಮೊದಲು ವಿನ್ಯಾಸಕಾರ ಮಾಡುವುದೂ ಇದನ್ನೇ ಅಲ್ಲವೇ?

ಚಳ್ಳಕೆರೆಗೆ ಪಾಠದ ವಸ್ತು ಬೇರೆ. ಬಣ್ಣದ ಪೆಟ್ಟಿಗೆ ಇಲ್ಲದೆ ಚಿತ್ರಕಲೆ ಹೇಗೆ ಎಂಬ ಪ್ರಶ್ನೆಗೆ ಕಂಬಳಿಯೇ ಉತ್ತರ. ಕುರಿಯ ಮೈಮೇಲಿನ ಸಹಜ ಕಪ್ಪೇ ಅದರ ಬಣ್ಣ, ಹುಣಸೆ ಬೀಜದ ಸರಿಯೇ ಅದರ ಬಿಗಿ. ವ್ಯಾನ್ ಗೋ ಕೂಡ ಮೊದಲ ವರ್ಷಗಳಲ್ಲಿ ಬಹುಮಟ್ಟಿಗೆ ಪೆನ್ಸಿಲ್, ಇದ್ದಿಲು, ಶಾಯಿಗಳಲ್ಲೇ ದುಡಿದ. ಒಲೆಯ ಇದ್ದಿಲಿನ ತುಂಡು ಹಿಡಿದ ಮಗು ಕಂಬಳಿಯ ಕಪ್ಪು ಒಂದೇ ಕಪ್ಪಲ್ಲ, ಮಡಿಕೆಯಲ್ಲಿ ಒಂದು, ಬಿಸಿಲಿನಲ್ಲಿ ಇನ್ನೊಂದು ಎಂಬುದನ್ನು ಕಂಡುಕೊಂಡರೆ ಆ ದಿನದ ಪಾಠ ಸಾರ್ಥಕ. ಸೂರ್ಯಕಾಂತಿಯನ್ನೇ ಬರೆಯಬೇಕೆಂದರೂ ಬಯಲುಸೀಮೆಗೆ ಅದು ಹೊಸದಲ್ಲ. ವ್ಯಾನ್ ಗೋನ ಹೂದಾನಿಯಲ್ಲಿ ಅರಳಿದ ಹೂಗಳ ಜೊತೆಗೆ ಎಸಳು ಉದುರಿ ಬೀಜಗಟ್ಟಿದವೂ ಇವೆ. ಎಣ್ಣೆಬೀಜವನ್ನೇ ನಂಬಿ ಬದುಕುವ ಊರಿನ ಮಕ್ಕಳಿಗೆ ಆ ಬೀಜಗಟ್ಟಿದ ಹೂವಿನ ಬೆಲೆ ಇತರರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಇದಕ್ಕೆ ಹೊರಗಿನ ಕಲಾವಿದನೇ ಬೇಕೆ ಎಂಬ ಪ್ರಶ್ನೆ ಸಹಜ. ಬೇಕೆಂದೇನೂ ಇಲ್ಲ. ರವೀಂದ್ರನಾಥ ಟ್ಯಾಗೋರರು ಬಂಗಾಳಿ ಮಕ್ಕಳಿಗಾಗಿ ಬರೆದ ಬಾಲಪಾಠ ‘ಸಹಜ ಪಾಠ’ 1930ರಲ್ಲಿ ಪ್ರಕಟವಾದಾಗ ಅದಕ್ಕೆ ಚಿತ್ರ ಒದಗಿಸಿದವರು ನಂದಲಾಲ್ ಬೋಸ್. ನಾಡಿನ ಶ್ರೇಷ್ಠ ಕಲಾವಿದರೊಬ್ಬರು ಅಕ್ಷರ ಕಲಿಯುವ ಮಕ್ಕಳ ಪುಸ್ತಕವನ್ನು ಕಿರಿದೆಂದು ಭಾವಿಸಲಿಲ್ಲ. ಅದೇ ನಂದಲಾಲರು ಗಾಂಧೀಜಿಯ ಕೋರಿಕೆಯ ಮೇರೆಗೆ 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ರಚಿಸಿದ ಫಲಕಗಳಲ್ಲಿ ಹಳ್ಳಿಯ ಕಸುಬುದಾರರನ್ನೇ ಚಿತ್ರಿಸಿದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಅವರೊಡನೆ ಕಲಿತವರು ನಮ್ಮ ಕೆ. ವೆಂಕಟಪ್ಪ. ಇನ್ನು ಚಿತ್ರದುರ್ಗ ಜಿಲ್ಲೆಯವರೇ ಬೇಕೆಂದರೆ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ ಇದ್ದಾರೆ. ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದ ಅವರು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿದವರಲ್ಲಿ ಪ್ರಮುಖರು. ಕುಂಚ ಹಿಡಿದ ಕೈಯೇ ಹಳ್ಳಿಯ ಬದುಕಿನ ವಸ್ತುಗಳನ್ನು ಜತನದಿಂದ ಕೂಡಿಹಾಕಿತು. ನೆದರ್‌ಲ್ಯಾಂಡ್ಸ್‌ನ ನೇಕಾರ ಮತ್ತು ಹರ್ತಿಕೋಟೆಯ ಕಲಾವಿದ ಇಬ್ಬರನ್ನೂ ಒಂದೇ ಪಾಠದಲ್ಲಿ ಮಕ್ಕಳು ಭೇಟಿಯಾಗಬಹುದು.

ಕಾಗದದ ಮೇಲೆ ಇದಕ್ಕೆ ಅಡ್ಡಿಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಒಂದು ವಿಷಯವಾಗಿರಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಪ್ರಸ್ತಾಪವಿದೆ. ಆದರೆ ಅದು 6ರಿಂದ 8ನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100 ಮೀರಿದ ಶಾಲೆಗಳಿಗೆ ಮಾತ್ರ. ಗೆರೆ ಎಳೆಯುವ ಹಂಬಲ ಅತ್ಯಂತ ತೀವ್ರವಾಗಿರುವ ಮೊದಲ ಐದು ತರಗತಿಗಳಿಗೆ ಆ ಭಾಗ್ಯವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಶಾಲೆಗೆ ಬೋಧಕರಾಗಿ ಕರೆಸಬಹುದೆಂದಿತು. ರಾಜ್ಯ ಸರ್ಕಾರ 2023ರಲ್ಲಿ ಆ ನೀತಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ನೀತಿ ಯಾವುದೇ ಇರಲಿ, ನೇಕಾರರೊಬ್ಬರು ಗೌರವಧನ ಪಡೆದು ವಾರಕ್ಕೊಂದು ಗಂಟೆ ಶಾಲೆಗೆ ಬರುವುದಕ್ಕೆ ಪಕ್ಷಭೇದದ ಹಂಗೇಕೆ?

ನಿಜವಾದ ಅಡ್ಡಿ ಎರಡು. ಚಿತ್ರ ಬರೆಯಲು ಬಾರದ ಶಿಕ್ಷಕರು ಚಿತ್ರ ಕಲಿಸುವುದು ಹೇಗೆಂಬುದು ಮೊದಲನೆಯದು. ಮೇಲಿನ ಪಾಠದಲ್ಲಿ ಶಿಕ್ಷಕರು ಒಂದು ಗೆರೆಯನ್ನೂ ಎಳೆಯಬೇಕಿಲ್ಲ ಎಂಬುದನ್ನು ಗಮನಿಸಬೇಕು. ಅವರು ಮಾಡಬೇಕಾದದ್ದು ಕೇಳುವುದು, ಕಾಯುವುದು, ಮಗುವಿನ ಹಾಳೆಯನ್ನು ತಾವೇ ತಿದ್ದುವ ಆಸೆಯನ್ನು ತಡೆದುಕೊಳ್ಳುವುದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ವಿದ್ಯುತ್ ಮಗ್ಗಗಳ ಪೈಪೋಟಿಯಲ್ಲಿ ಕೈಮಗ್ಗದ ಬದುಕು ಸೊರಗಿದೆ. ತನ್ನ ಮಗ ಮಗ್ಗದ ಗುಂಡಿಗೆ ಇಳಿಯದಿರಲಿ ಎಂದೇ ತಂದೆ ಅವನನ್ನು ಶಾಲೆಗೆ ಕಳುಹಿಸಿರುತ್ತಾನೆ. ಆ ಶಾಲೆಯೂ ಮಗ್ಗವನ್ನೇ ತೋರಿಸಿದರೆ ಮಗುವನ್ನು ಕುಲಕಸುಬಿಗೆ ಕಟ್ಟಿಹಾಕಿದಂತಾಗದೆ? ಈ ಅನುಮಾನಕ್ಕೆ ಆಧಾರವಿದೆ. ಆದ್ದರಿಂದಲೇ ಇದು ಕಸುಬಿನ ತರಬೇತಿಯಾಗದೆ ನೋಟದ ತರಬೇತಿಯಾಗಬೇಕು. ನೇಕಾರರ ಮಗು, ಅಂಗಡಿಯವರ ಮಗು, ಅಧಿಕಾರಿಯ ಮಗು ಒಂದೇ ಮಗ್ಗದ ಮುಂದೆ ಕುಳಿತು ಬರೆಯಬೇಕು. ನೇಕಾರರ ಮಗು ನಾಳೆ ಎಂಜಿನಿಯರ್ ಆಗಲಿ, ಗುಮಾಸ್ತೆಯಾಗಲಿ. ತಾಯಿತಂದೆಯರ ದುಡಿಮೆಯಲ್ಲಿ ಬುದ್ಧಿಯೂ ಸೌಂದರ್ಯವೂ ಇತ್ತೆಂಬ ಅರಿವು ಅದರ ಜೊತೆಗಿರಲಿ. ಆ ಅರಿವಿಲ್ಲದೆ ಊರು ಬಿಡುವ ಮಗು ಊರಿನ ಬಗೆಗಿನ ನಾಚಿಕೆಯನ್ನೂ ಹೊತ್ತುಕೊಂಡೇ ಹೊರಡುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಆಜ್ಞೆ ಚಕ್ರವರ್ತಿಯದು, ಲಿಪಿ ಬ್ರಾಹ್ಮಿ. ಆದರೆ ಬರೆದಾತ ಕೊನೆಯಲ್ಲಿ ಚಪಡನೆಂಬ ತನ್ನ ಹೆಸರನ್ನು ಸೇರಿಸಿ, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದ. ಎರಡು ಸಾವಿರ ವರ್ಷಗಳಾಚೆಯ ಆ ಕೈ, ಅಪ್ಪಣೆಯ ಕೆಲಸದಲ್ಲಿಯೂ ತನ್ನದೊಂದು ಗುರುತು ಉಳಿಸಿಕೊಂಡಿತು. ಅದೇ ಬಂಡೆಗಳ ಸೀಮೆಯ ಮಗು ಇಂದು ತನ್ನ ಹಾಳೆಯ ಮೂಲೆಯಲ್ಲಿ ಹೆಸರು ಬರೆಯುವಾಗ, ಆ ಹಾಳೆಯ ಮೇಲಿರುವುದು ತಾನೇ ಕಂಡ ಊರಾಗಿರಲಿ.