ಬೂಟಿನಂಗಡಿ, ಎತ್ತಿನಗಾಡಿ, ಟೀ ತೋಟ

ಆಳಿಯಾರ್ ಅಣೆಕಟ್ಟೆ ದಾಟಿ ನಲವತ್ತು ತಿರುವುಗಳ ಘಾಟಿ ಹತ್ತಿದರೆ ವಾಲ್ಪಾರೈ. 2001ರ ಜನಗಣತಿಯಲ್ಲಿ ಕೊಯಮತ್ತೂರು ಜಿಲ್ಲೆಯ ಈ ಪಟ್ಟಣದಲ್ಲಿ ಸುಮಾರು 95 ಸಾವಿರ ಜನರಿದ್ದರು. ಹತ್ತು ವರ್ಷ ಕಳೆದು 2011ರಲ್ಲಿ ಎಣಿಸಿದಾಗ ಉಳಿದವರು 71 ಸಾವಿರದ ಆಸುಪಾಸು. ನೆರೆ ಬಂದಿರಲಿಲ್ಲ, ಭೂಮಿ ಕಂಪಿಸಿರಲಿಲ್ಲ. ಟೀ ತೋಟಗಳು ಇದ್ದಲ್ಲೇ ಇದ್ದವು, ಚಿಗುರು ಕೀಳುವವರು ಘಾಟಿ ಇಳಿದಿದ್ದರು. ಹೊಸ ತಲೆಮಾರಿಗೆ ತಿರುಪ್ಪೂರಿನ ಬನಿಯನ್ ಕಾರ್ಖಾನೆ, ಕೊಯಮತ್ತೂರಿನ ಕೆಲಸಗಳು ಕೈಬೀಸಿ ಕರೆದವು. ಅವರು ಬಿಟ್ಟುಹೋದ ಲೈನ್ ಮನೆಗಳಿಗೆ ಈಗ ಅಸ್ಸಾಂ, ಜಾರ್ಖಂಡ್‌ ಕಡೆಯ ಕಾರ್ಮಿಕರು ಬರುತ್ತಿದ್ದಾರೆ.

ವಾಲ್ಪಾರೈಗೆ ಸಂಶೋಧಕರೇನೂ ಅಪರೂಪವಲ್ಲ. ದಕ್ಷಿಣ ಭಾರತದ ತೋಟದ ಮಾಲೀಕರ ಒಕ್ಕೂಟ ‘ಉಪಾಸಿ’ ಹುಟ್ಟಿದ್ದು 1893ರಲ್ಲಿ, ನಮ್ಮ ಬೆಂಗಳೂರಿನಲ್ಲಿ. 1926ರಲ್ಲಿ ಗೂಡಲೂರಿನ ದೇವರ್‌ಶೋಲೆಯಲ್ಲಿ ಅದು ತೆರೆದ ಟೀ ಪ್ರಯೋಗಶಾಲೆ 1963ರಲ್ಲಿ ವಾಲ್ಪಾರೈ ಇರುವ ಆನೆಮಲೆಗೆ ಬಂತು. ನೀರಾರ್ ಅಣೆಕಟ್ಟೆಯ ಬಳಿ ಇರುವ ಈ ಸಂಸ್ಥೆ ಹೆಚ್ಚು ಇಳುವರಿಯ ತಳಿಗಳನ್ನು ಕೊಟ್ಟಿದೆ. 1946ರಲ್ಲಿ ದಕ್ಷಿಣದ ತೋಟಗಳಿಗೆ ಬಂದು ಎಳೆ ಚಿಗುರನ್ನೇ ಬೊಬ್ಬೆ ಎಬ್ಬಿಸಿ ಕೆಡಿಸಿದ ‘ಬ್ಲಿಸ್ಟರ್ ಬ್ಲೈಟ್’ ರೋಗವನ್ನು ಹತೋಟಿಯಲ್ಲಿಡುವ ದಾರಿಯನ್ನೂ ಉಪಾಸಿಯ ವಿಜ್ಞಾನಿಗಳು ತೋರಿಸಿದ್ದಾರೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇಲ್ಲಿ ಎರಡು ದಶಕಗಳಿಂದ ತುಂಡು ತುಂಡಾದ ಮಳೆಕಾಡನ್ನು ಮತ್ತೆ ಬೆಳೆಸುತ್ತಿದೆ. ಆನೆ ಹತ್ತಿರದಲ್ಲಿದ್ದರೆ ಮೊಬೈಲಿಗೆ ಸಂದೇಶ ಕಳಿಸುವ, ಕೆಂಪು ದೀಪ ಬೆಳಗಿಸಿ ಎಚ್ಚರಿಸುವ ವ್ಯವಸ್ಥೆಯನ್ನು ರೂಪಿಸಿದ್ದಕ್ಕಾಗಿ ಸಂಸ್ಥೆಯ ಎಂ. ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಇಲ್ಲಿನ ಸಿಂಗಳೀಕಗಳ ಬದುಕನ್ನು ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ.

ಹೀಗೆ ಗಿಡಕ್ಕೆ, ಕಾಡಿಗೆ, ಆನೆಗೆ, ಕೋತಿಗೆ ತಜ್ಞರಿದ್ದಾರೆ. ತೋಟದ ಕೂಲಿ, ಬೆಲೆ, ಮನೆ, ಪಿಂಚಣಿಗಳ ಲೆಕ್ಕಕ್ಕೂ ಅಷ್ಟೇ ನಿಷ್ಠೆಯ ತಜ್ಞರು ಬೇಕು. ಬಿಸಿನೆಸ್ ಸ್ಕೂಲುಗಳೊಳಗೆ ಒಂದೊಂದೇ ವಿಷಯಕ್ಕೆ ಮೀಸಲಾಗಿ ಹುಟ್ಟುವ ಸಂಶೋಧನಾ ಕೇಂದ್ರಗಳ ಕೆಲಸ ಇದೇ.

ಇಂಥ ಕೇಂದ್ರಗಳ ಇತಿಹಾಸ ಶುರುವಾಗುವುದು ಷೇರುಪೇಟೆಯಿಂದಲ್ಲ, ಬೂಟಿನಂಗಡಿಯಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್ 1908ರಲ್ಲಿ ಆರಂಭವಾಯಿತು. ಮೂರೇ ವರ್ಷಕ್ಕೆ, 1911ರಲ್ಲಿ, ಅದು ವ್ಯಾಪಾರ ಸಂಶೋಧನೆಗೆಂದೇ ಒಂದು ಬ್ಯೂರೋ ತೆರೆಯಿತು. ಆ ಬ್ಯೂರೋ ಮೊದಲು ಕೈಹಾಕಿದ್ದು ಚಿಲ್ಲರೆ ಬೂಟು ವ್ಯಾಪಾರಕ್ಕೆ. ಒಬ್ಬೊಬ್ಬ ಅಂಗಡಿಯವರು ಒಂದೊಂದು ರೀತಿ ಲೆಕ್ಕ ಬರೆಯುತ್ತಿದ್ದರು. ಬಾಡಿಗೆ ಎಷ್ಟು, ಸಂಬಳ ಎಷ್ಟು, ಉಳಿದದ್ದೆಷ್ಟು ಎಂದು ಒಂದಕ್ಕೊಂದು ಹೋಲಿಸಿ ನೋಡಲು ಸಾಧ್ಯವೇ ಇರಲಿಲ್ಲ. ಬ್ಯೂರೋ ಎಲ್ಲರಿಗೂ ಒಂದೇ ಮಾದರಿಯ ಲೆಕ್ಕಪದ್ಧತಿ ಸಿದ್ಧಪಡಿಸಿ, ಅಂಗಡಿಗಳಿಂದ ಅಂಕಿಅಂಶ ತರಿಸಿಕೊಂಡು, ನೂರು ಡಾಲರ್ ವ್ಯಾಪಾರದಲ್ಲಿ ಯಾವ ಖರ್ಚಿಗೆ ಎಷ್ಟು ಹೋಗುತ್ತದೆಂದು ತೋರಿಸಿಕೊಟ್ಟಿತು.

ಭಾರತದಲ್ಲಿ ಇದಕ್ಕೆ ಸರಿಸಾಟಿಯಾದ ಧೈರ್ಯದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. 1973ರಲ್ಲಿ ಆರಂಭವಾದ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನಗಾಡಿಯನ್ನು ಸಂಶೋಧನೆಯ ವಸ್ತು ಮಾಡಿಕೊಂಡರು. ಮ್ಯಾನೇಜ್‌ಮೆಂಟ್ ಎಂದರೆ ಕಂಪನಿ, ಕಾರ್ಖಾನೆ ಎನ್ನುವ ಕಾಲದಲ್ಲಿ ಅವರು ನೊಗ ಉಜ್ಜಿ ಎತ್ತಿನ ಹೆಗಲಿಗೆ ಆಗುವ ಹುಣ್ಣಿನ ಬಗ್ಗೆ, ಗಾಲಿಯ ವಿನ್ಯಾಸದ ಬಗ್ಗೆ, ದೇಶದ ಸರಕು ಸಾಗಣೆಯಲ್ಲಿ ಗಾಡಿಯ ಪಾಲಿನ ಬಗ್ಗೆ ಬರೆದರು. ಮುಂದೆ ಇದೇ ಕೆಲಸಕ್ಕಾಗಿ ‘ಕಾರ್ಟ್‌ಮ್ಯಾನ್’ ಎಂಬ ಸಂಸ್ಥೆಯನ್ನೇ ಕಟ್ಟಿದರು. 1981ರಲ್ಲಿ ನೈರೋಬಿಯಲ್ಲಿ ನಡೆದ ವಿಶ್ವಸಂಸ್ಥೆಯ ಇಂಧನ ಸಮ್ಮೇಳನದಲ್ಲಿ ಇಂದಿರಾ ಗಾಂಧಿ, ಭಾರತದ ವಿದ್ಯುತ್ ಸ್ಥಾವರಗಳೆಲ್ಲ ಸೇರಿ ಕೊಡುವುದಕ್ಕಿಂತ ಹೆಚ್ಚು ಶಕ್ತಿ ದುಡಿಯುವ ಜಾನುವಾರುಗಳಿಂದ ಬರುತ್ತಿದೆ ಎಂದರು. ಎತ್ತಿನ ದುಡಿಮೆ ರಾಷ್ಟ್ರದ ಇಂಧನದ ಲೆಕ್ಕದಲ್ಲಿ ಜಾಗ ಪಡೆದ ಕಾಲ ಅದು.

ಬನ್ನೇರುಘಟ್ಟ ರಸ್ತೆಯ ಅದೇ ಐಐಎಂನಲ್ಲಿ ಇಂದು ಹಲವು ಕೇಂದ್ರಗಳಿವೆ. ಸಾರ್ವಜನಿಕ ನೀತಿಯ ಕೇಂದ್ರ 2000ದಲ್ಲಿ ಕೇಂದ್ರ ಸರ್ಕಾರ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಬೆಂಬಲದಿಂದ ಹುಟ್ಟಿತು. ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಎಸ್. ರಾಘವನ್ ಹೆಸರಿನ ಕೇಂದ್ರ ಹೊಸ ಉದ್ದಿಮೆಗಳಿಗೆ ಆಸರೆ ಕೊಡುತ್ತಿದೆ. ಅಹಮದಾಬಾದಿನ ಐಐಎಂ ಬಹಳ ಮೊದಲೇ ಕೃಷಿ ನಿರ್ವಹಣೆಗೆ ಪ್ರತ್ಯೇಕ ಕೇಂದ್ರ ಮಾಡಿಕೊಂಡಿತ್ತು.

ತೋಟದ ಬೆಳೆಗಳ ಮಟ್ಟಿಗೆ ಹೇಳಬೇಕಾದ ಹೆಸರು ಬೆಂಗಳೂರಿನ ಭಾರತೀಯ ತೋಟ ನಿರ್ವಹಣಾ ಸಂಸ್ಥೆಯದು. 1993ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯದ ಆಶ್ರಯದಲ್ಲಿ ಆರಂಭವಾದ ಇದು ಇರುವುದು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ. ಟೀ, ಕಾಫಿ, ರಬ್ಬರ್, ಸಂಬಾರ ಬೆಳೆಗಳ ವ್ಯಾಪಾರ ಮತ್ತು ಆಡಳಿತವೇ ಇಲ್ಲಿನ ಪಾಠ. ಕಾಫಿ ಗಿಡದ ವಿಜ್ಞಾನಕ್ಕೆ ಕರ್ನಾಟಕದಲ್ಲಿ 1925ರಿಂದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವಿತ್ತು. ತೋಟದ ಲೆಕ್ಕಕ್ಕೆ ಒಂದು ಶಾಲೆ ಸಿಗಲು ಏಳು ದಶಕ ಬೇಕಾಯಿತು.

ಒಂದು ಕೇಂದ್ರ ಬಾಳಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಒಬ್ಬ ಪ್ರಾಧ್ಯಾಪಕ ನಿವೃತ್ತರಾದರೂ ನಿಲ್ಲದ ವಿಷಯ, ವರ್ಷ ವರ್ಷವೂ ಬಿಡದೆ ಸಂಗ್ರಹವಾಗುವ ಅಂಕಿಅಂಶ, ಮತ್ತು ಹಣ ಕೊಟ್ಟವರಿಗೆ ಕಹಿಯಾದರೂ ಫಲಿತಾಂಶ ಪ್ರಕಟಿಸುವ ಸ್ವಾತಂತ್ರ್ಯ. ಮೂರನೆಯದು ಅತ್ಯಂತ ಕಷ್ಟದ್ದು. ಸಂಶೋಧನೆಗೆ ಹಣ ಕೊಡುವ ಉದ್ಯಮವೇ ಸಂಶೋಧನೆಯ ವಸ್ತುವೂ ಆಗಿದ್ದಾಗ, ಅಧ್ಯಯನ ಮಾಡುವವರನ್ನು ಕಾಪಾಡಬಲ್ಲದ್ದು ವಿಶ್ವವಿದ್ಯಾಲಯ ಮಾತ್ರ. ಮಾಲೀಕರ ಒಕ್ಕೂಟ ತಳಿ ಸಂಶೋಧನೆಯನ್ನು ಚೆನ್ನಾಗಿ ನಡೆಸಬಹುದು. ಕೂಲಿ ಸಾಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಮಾಲೀಕರಿಂದಲೂ ಕಾರ್ಮಿಕ ಸಂಘದಿಂದಲೂ ಸಮದೂರದಲ್ಲಿ ನಿಂತಿರಬೇಕು.

ವಾಲ್ಪಾರೈಯಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯ ಪದ್ಧತಿಯಂತೆ ಮನೆ, ಆಸ್ಪತ್ರೆ, ಶಿಶುಪಾಲನೆ ಎಲ್ಲವೂ ಎಸ್ಟೇಟಿನ ಹೊಣೆ. ಬೇರೆ ದೇಶಗಳ ಟೀ ಜೊತೆ ಸ್ಪರ್ಧಿಸುವಾಗ ಈ ಖರ್ಚನ್ನು ಯಾರು ಎಷ್ಟು ಹೊರಬೇಕು? ಬದುಕೆಲ್ಲ ಲೈನ್ ಮನೆಯಲ್ಲಿ ಕಳೆದವರು ನಿವೃತ್ತಿಯ ದಿನ ಮನೆಯನ್ನೂ ಬಿಡಬೇಕಾಗುತ್ತದೆ. ಅವರಿಗಾಗಿ ಉಳಿತಾಯದ ಯೋಜನೆಯೊಂದನ್ನು ಹೇಗೆ ರೂಪಿಸಬಹುದು? ಕೈಯಲ್ಲಿ ಚಿಗುರು ಬಿಡಿಸುವುದರಿಂದ ಕತ್ತರಿಗೆ, ಯಂತ್ರಕ್ಕೆ ಬದಲಾದಾಗ ಎಲೆಯ ಗುಣಮಟ್ಟ, ಹರಾಜಿನ ಬೆಲೆ, ಹೆಣ್ಣುಮಕ್ಕಳ ದಿನಗೂಲಿ ಇವುಗಳಲ್ಲಿ ಆಗುವ ಏರುಪೇರನ್ನು ಒಟ್ಟಿಗೆ ಇಟ್ಟು ನೋಡಬೇಕು. ಕಾಡಿನ ತುಂಡುಗಳನ್ನು ಉಳಿಸಿಕೊಂಡ ಎಸ್ಟೇಟಿನ ಟೀಗೆ ಮಾರುಕಟ್ಟೆ ಹೆಚ್ಚು ಬೆಲೆ ಕೊಡುತ್ತದೆಯೇ ಎಂಬುದನ್ನೂ ಅಳೆಯಬೇಕು.

ಇಂಥ ಅಧ್ಯಯನಕ್ಕೆ ಬೇಕಾದ ಭೂಗೋಳ ಹತ್ತಿರದಲ್ಲೇ ಇದೆ. 1982ರಲ್ಲಿ ಸ್ಥಾಪನೆಯಾದ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯಕ್ಕೆ ತನ್ನದೇ ಆಡಳಿತ ನಿರ್ವಹಣಾ ಶಾಲೆಯಿದೆ. ಕೊಯಮತ್ತೂರು, ತಿರುಪ್ಪೂರು, ಈರೋಡು, ನೀಲಗಿರಿ ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿವೆ. ಕಾರ್ಮಿಕರು ತೊರೆದ ಟೀ ತೋಟ, ಅವರು ಸೇರಿಕೊಂಡ ಬನಿಯನ್ ಕಾರ್ಖಾನೆ, ಕೂನೂರಿನ ಟೀ ಹರಾಜು, ಮೂರೂ ಒಂದೇ ವಿಶ್ವವಿದ್ಯಾಲಯದ ಅಂಗಳದಲ್ಲಿವೆ. ಜ್ಞಾನಭಾರತಿಯ ತೋಟ ನಿರ್ವಹಣಾ ಸಂಸ್ಥೆಯೊಡನೆ ಕೈಜೋಡಿಸಿ ಭಾರತಿಯಾರ್‌ನಲ್ಲಿ ಒಂದು ಕೇಂದ್ರ ಆರಂಭವಾದರೆ, ಮೊದಲ ವರ್ಷದ ಕೆಲಸಕ್ಕೆ ಮೂರು ಕಡತಗಳು ಸಾಕು: ಎಸ್ಟೇಟುಗಳ ಕೂಲಿ ಪುಸ್ತಕ, ಹರಾಜಿನ ದರಪಟ್ಟಿ, ವಾಲ್ಪಾರೈ ಶಾಲೆಗಳ ದಾಖಲಾತಿ ರಿಜಿಸ್ಟರು.